ಗದ್ದಲದ ಕಾಲದ ಮಾತನ್ನು ಹಿರಿಯರಿಂದ ಕೇಳುವ ಬಗೆ: 1948ರ ಮೌನ ಮುರಿಯುವ ಮನೆಗಳಿಗೆ ಸಮಗ್ರ ಮಾರ್ಗದರ್ಶಿ

ಯುಗಾದಿಗೋ ದೀಪಾವಳಿಗೋ ಊರಿಗೆ ಹೋದ ಮೊಮ್ಮಗ ಊಟ ಮುಗಿಸಿ ಅಜ್ಜಿಯ ಮುಂದೆ ಮೊಬೈಲ್ ಹಿಡಿಯುತ್ತಾನೆ. “ಆಯಿ, ರಜಾಕಾರರ ಕಾಲದಾಗ ಏನೇನಾತು, ಹೇಳು.” ಅಜ್ಜಿ ಮೊಬೈಲ್ ನೋಡುತ್ತಾಳೆ, ಬಾಗಿಲ ಕಡೆ ನೋಡುತ್ತಾಳೆ. “ಏನದ ತಮ್ಮಾ ಹೇಳೂದು, ಆಗಿದ್ದು ಆಗಿಹೋತು” ಎಂದು ಸೆರಗು ಸರಿಮಾಡಿಕೊಂಡು ಎದ್ದುಬಿಡುತ್ತಾಳೆ. ಎರಡನೇ ಸಲ ಕೇಳಿದರೆ ಮಗನೇ ಅಡ್ಡ ಬರುತ್ತಾನೆ: “ಆಕೀನ್ ಯಾಕ ಕಾಡಸ್ತಿ, ಬಿಡು.” ಬೀದರ್, ಕಲಬುರಗಿ, ರಾಯಚೂರು, ಕೊಪ್ಪಳ, ಯಾದಗಿರಿ ಕಡೆಯ ಎಷ್ಟೋ ಮನೆಗಳಲ್ಲಿ ಪ್ರಯತ್ನ ಇಲ್ಲಿಗೇ ನಿಂತಿದೆ. ಕೆಲವು ಮನೆಗಳಲ್ಲಿ ಇದಕ್ಕಿಂತ ಕೆಟ್ಟದ್ದೂ ಆಗಿದೆ. ಹಿರಿಯರು ಮಾತಾಡಿದರು, ಸುತ್ತ ಕೂತವರು ಕೇಳಿ ಅತ್ತರು, ಸಂಜೆಯ ಬಸ್ಸು ಹಿಡಿದು ಹೊರಟುಹೋದರು. ಆ ರಾತ್ರಿಯಿಂದ ಅಜ್ಜಿಗೆ ನಿದ್ದೆಯಿಲ್ಲ.

ಎರಡೂ ಕಡೆ ತಪ್ಪಿರುವುದು ಕೆಲಸದ ಕ್ರಮ. ಪ್ರಶ್ನೆ ಕೇಳುವುದೇ ಕಷ್ಟದ ಭಾಗ ಎಂದು ಬಹುತೇಕರು ತಿಳಿದಿರುತ್ತಾರೆ. ಕೇಳುವುದು ನಡುವಿನ ಕೆಲಸ. ಅದರ ಮುಂಚೆ ಕೆಲವು ವಾರಗಳ ತಯಾರಿ ಬೇಕು, ಅದರ ನಂತರ ಕೆಲವು ದಿನ ಅವರ ಪಕ್ಕದಲ್ಲಿ ಇರಬೇಕು. ಈ ಹಿಂದುಮುಂದನ್ನು ಬಿಟ್ಟು ಬರೀ ನಡುವಿನದನ್ನು ಮಾಡಲು ಹೋದವರಿಗೇ ಹೆಚ್ಚು ಸೋಲು.

ಇಲ್ಲಿ ಹೇಳುತ್ತಿರುವುದು ಹಳೆಯ ಹೈದರಾಬಾದ್ ಸಂಸ್ಥಾನದ ಕನ್ನಡ ಜಿಲ್ಲೆಗಳ ಮನೆಗಳ ಬಗ್ಗೆ. ನಮ್ಮ ಕಡೆ ‘ಗದ್ದಲ’ ಅಂದರೆ ಎರಡು ಗದ್ದಲ. ಮೊದಲನೆಯದು 1947–48ರಲ್ಲಿ ನಿಜಾಮನ ಪರ ನಿಂತ ಶಸ್ತ್ರಧಾರಿ ಪಡೆಯಾದ ರಜಾಕಾರರು ಊರು ಸುಟ್ಟು, ಕೊಂದು, ದೋಚಿದ್ದು. 1948ರ ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಗೋರಟಾದಲ್ಲಿ ನಡೆದ ಹತ್ಯಾಕಾಂಡ ಅದರಲ್ಲಿ ಎಲ್ಲರೂ ಬಲ್ಲದ್ದು. ಎರಡನೆಯದು ಅದೇ ವರ್ಷ ಸೆಪ್ಟೆಂಬರ್ 13ರಿಂದ 17ರವರೆಗಿನ ಪೊಲೀಸ್ ಆಕ್ಷನ್ (ಭಾರತದ ಸೇನೆ ಸಂಸ್ಥಾನವನ್ನು ವಶಕ್ಕೆ ತೆಗೆದುಕೊಂಡ ಕಾರ್ಯಾಚರಣೆ) ಸಮಯದಲ್ಲಿ, ಮತ್ತು ಅದರ ಬೆನ್ನಿಗೇ, ಮುಸ್ಲಿಂ ಮನೆಗಳ ಮೇಲೆ ಬಿದ್ದದ್ದು. ಮೊದಲನೆಯದಕ್ಕೆ ಪ್ರತಿ ಸೆಪ್ಟೆಂಬರ್ 17ಕ್ಕೆ, ವಿಮೋಚನೆಯ ದಿನದಂದು, ಭಾಷಣವುಂಟು. ಎರಡನೆಯದಕ್ಕೆ ಅದೂ ಇಲ್ಲ. ಆದರೆ ಮನೆಯೊಳಗಿನ ಮೌನ ಎರಡೂ ಕಡೆ ಒಂದೇ ಥರದ್ದು. ಅಂದು ಎಂಟು-ಹತ್ತು ವರ್ಷದವರಾಗಿದ್ದವರು ಇಂದು ಎಂಬತ್ತೈದು ದಾಟಿದ್ದಾರೆ. ಮುಂದಿನ ವರ್ಷ ನೋಡೋಣ ಅನ್ನುವಂತಿಲ್ಲ, ಹಾಗಂತ ಈ ಭಾನುವಾರವೇ ಮುಗಿಸುತ್ತೇನೆ ಎಂದು ಹೊರಡುವಂತೆಯೂ ಇಲ್ಲ.

ಶರಾವತಿಯಲ್ಲಿ ಊರು ಮುಳುಗಿದವರು, ಬಾಲ್ಯದಲ್ಲೇ ಮದುವೆಯಾಗಿ ವಿಧವೆಯಾದವರು, ಕೂಸುಗಳನ್ನು ಕಳೆದುಕೊಂಡು ಎಂದೂ ಬಾಯಿ ಬಿಡದವರು, ಇಂಥವರ ಮುಂದೆ ಕೂರುವವರಿಗೂ ಕ್ರಮ ಹೆಚ್ಚುಕಡಿಮೆ ಇದೇ.

ಮೊದಲು ಜೋಡಿಸಿಕೊಳ್ಳಬೇಕಾದದ್ದು

ದೊಡ್ಡ ಸಾಮಾನೇನೂ ಬೇಡ. ಒಂದು ಇನ್ನೂರು ಪುಟದ ನೋಟುಬುಕ್, ಎರಡು ಪೆನ್ನು, ಧ್ವನಿ ಮುದ್ರಿಸುವ ಮೊಬೈಲ್, ಅದರಲ್ಲಿ ಸಾಕಷ್ಟು ಖಾಲಿ ಜಾಗ, ಒಂದು ಪೆನ್‌ಡ್ರೈವ್. ಹಿರಿಯರ ಕನ್ನಡಕ, ಕಿವಿಯ ಯಂತ್ರ ಇದ್ದರೆ ಅದಕ್ಕೆ ಹೊಸ ಬ್ಯಾಟರಿ. ಕುಡಿಯುವ ನೀರು. ಊರಿನ ದೊಡ್ಡ ನಕ್ಷೆ ಬರೆಯಲು ಒಂದು ಚಾರ್ಟ್ ಹಾಳೆ.

ಇವಕ್ಕಿಂತ ಮುಖ್ಯವಾದದ್ದು ಸಮಯ. ಧ್ವನಿಮುದ್ರಣದ ದಿನದ ನಂತರ ಕನಿಷ್ಠ ಮೂರು ರಾತ್ರಿ ನೀವು ಆ ಮನೆಯಲ್ಲೇ ಇರುವಷ್ಟು ರಜೆ ಇಲ್ಲದಿದ್ದರೆ, ನಿಮ್ಮ ಬದಲು ಇರುವವರು ಯಾರೂ ಇಲ್ಲದಿದ್ದರೆ, ಶುರು ಮಾಡಬೇಡಿ. ಇದೊಂದು ಷರತ್ತನ್ನು ಮಾತ್ರ ನಾನು ಯಾರಿಗೂ ಸಡಿಲಿಸಿ ಹೇಳುವುದಿಲ್ಲ.

ಹಂತ 1: ಕೇಳುವವರು ಯಾರು ಎಂದು ಮೊದಲು ತೀರ್ಮಾನಿಸಿ

ಆಸಕ್ತಿ ಇದ್ದವರೇ ಕೇಳಬೇಕು ಎಂದೇನಿಲ್ಲ. ಹಿರಿಯರು ಮಗನ ಮುಂದೆ ಬಾಯಿ ಬಿಡುವುದು ಅಪರೂಪ. ಇಡೀ ಬದುಕು ಅವರು ಯಾರಿಂದ ಇದನ್ನು ಮುಚ್ಚಿಟ್ಟರೋ ಆ ಮಗನೇ ಎದುರಿಗೆ ಬಂದು ಕೂತರೆ ನಾಲಿಗೆ ಏಳುವುದಿಲ್ಲ. ಹೆಣ್ಣುಮಕ್ಕಳು ಅನುಭವಿಸಿದ್ದನ್ನಂತೂ ಗಂಡಸರ ಮುಂದೆ ಕೇಳಲೇಬಾರದು. ಬಾವಿಗೆ ಹಾರಿದವರು, ಅಪಹರಣಕ್ಕೆ ಒಳಗಾದವರು, ಮರಳಿ ಬಂದರೂ ಮನೆಯೊಳಗೆ ಸೇರದೆ ಉಳಿದವರು, ಇಂಥ ಹೆಸರುಗಳು ಅಜ್ಜಿಯರ ನಡುವೆ ಮಾತ್ರ ಓಡಾಡಿಕೊಂಡು ಬಂದಿವೆ.

ಬಹಳ ಮನೆಗಳಲ್ಲಿ ಮೊಮ್ಮಗಳು, ಇಲ್ಲವೇ ಮೊಮ್ಮಗನ ಹೆಂಡತಿ ಸರಿಯಾದ ಆಯ್ಕೆ. ಹೊರಗಿನಿಂದ ಬಂದು ಮನೆಯವಳಾದ ಸೊಸೆಗೆ ಒಂದು ಅನುಕೂಲವಿದೆ: “ನನಗ ಈ ಮನಿದು ಏನೂ ಗೊತ್ತಿಲ್ಲ ಆಯಿ, ಹೇಳು” ಎಂದು ಆಕೆ ಸುಳ್ಳಿಲ್ಲದೆ ಕೇಳಬಲ್ಲಳು. ಹೇಳುವವರು ಮುತ್ಯಾ (ಅಜ್ಜ) ಆಗಿದ್ದರೆ ಅವರ ಜೊತೆ ಹೊಲಕ್ಕೆ ಹೋಗುವವನೋ, ದಿನಾ ಪೇಪರ್ ಓದಿ ಹೇಳುವವನೋ ಆಗಬಹುದು. ಕೇಳುವವರು ಒಬ್ಬರೇ ಇರಲಿ. ಸುತ್ತ ಐದಾರು ಜನ ಕೂತರೆ ಹಿರಿಯರು ಸೆಪ್ಟೆಂಬರ್ 17ರ ಭಾಷಣವನ್ನೇ ನಿಮಗೂ ಒಪ್ಪಿಸುತ್ತಾರೆ.

ನೀವು ಯಾಕೆ ಕೇಳುತ್ತಿದ್ದೀರಿ ಎಂಬುದನ್ನೂ ಒಂದು ಸಾಲಿನಲ್ಲಿ ಬರೆದುಕೊಳ್ಳಿ. ಆಸ್ತಿ ಪಾಲಿನ ಜಗಳಕ್ಕೆ ಸಾಕ್ಷಿ ಹುಡುಕಲು, ಚುನಾವಣೆಯ ವಾದಕ್ಕೆ, ಒಂದು ಜನಾಂಗವನ್ನು ಬೈಯಲು ಸರಕು ಬೇಕೆಂದು ಹೊರಟಿದ್ದರೆ ಅಲ್ಲಿಗೇ ಬಿಡಿ. ಹಿರಿಯರಿಗೆ ಅದು ಎರಡನೇ ಮಾತಿಗೇ ಗೊತ್ತಾಗುತ್ತದೆ.

ಹಂತ 2: ಅವರನ್ನು ಕೇಳುವ ಮುಂಚೆ ಕಾಗದ, ನಕ್ಷೆ, ಪಂಚಾಂಗ

ಅವರಿಗೆ ನೆನಪಿನ ಭಾರ ಕಡಿಮೆ ಮಾಡಲು ಈ ತಯಾರಿ. ಮನೆಯ ಟ್ರಂಕಿನಲ್ಲಿರುವ ಹಳೇ ಕಾಗದ ತೆಗೆಯಿರಿ. ಸಂಸ್ಥಾನದ ಕಾಲದ ಕಾಗದ ಬಹುತೇಕ ಉರ್ದುವಿನಲ್ಲಿರುತ್ತದೆ, ಇಸವಿ ಫಸಲಿಯಲ್ಲಿ, ಅಂದರೆ ಸಂಸ್ಥಾನದ ಕಂದಾಯ ವರ್ಷದ ಲೆಕ್ಕದಲ್ಲಿ ಇರುತ್ತದೆ. ಫಸಲಿಗೆ 590 ಕೂಡಿಸಿದರೆ ಹೆಚ್ಚುಕಡಿಮೆ ನಮ್ಮ ಇಸವಿ ಸಿಗುತ್ತದೆ. 1357 ಫಸಲಿ ಅಂದರೆ 1947ರ ಅಕ್ಟೋಬರ್‌ನಿಂದ 1948ರ ಅಕ್ಟೋಬರ್‌ವರೆಗೆ, ನಿಮಗೆ ಬೇಕಾದದ್ದು ಅದೇ ವರ್ಷ. ಓದಲು ಬಾರದಿದ್ದರೆ ಊರಿನಲ್ಲಿ ಉರ್ದು ಓದುವ ಹಿರಿಯರೊಬ್ಬರು ಸಿಕ್ಕೇ ಸಿಗುತ್ತಾರೆ. ಆದರೆ ಹೊರಗಿನವರಿಗೆ ತೋರಿಸುವ ಮುಂಚೆ ಮನೆಯವರ ಒಪ್ಪಿಗೆ ಇರಲಿ.

1954–55ರ ಖಾಸ್ರಾ ಪಹಣಿ ಎಂಬ ಜಮೀನು ದಾಖಲೆಯಲ್ಲಿ ಹೊಲ ಯಾರ ಹೆಸರಿನಲ್ಲಿತ್ತು ಎಂದು ನೋಡಿ. ಗದ್ದಲದ ನಂತರ ಯಾರು ಊರು ಬಿಟ್ಟರು, ಯಾರ ಹೊಲ ಯಾರ ಕೈಗೆ ಬಂತು ಎಂಬುದರ ಸುಳಿವು ಅಲ್ಲಿ ಸಿಗಬಹುದು. ಇದನ್ನು ನೀವು ಮೊದಲೇ ತಿಳಿದಿರಬೇಕು. ತಿಳಿದದ್ದನ್ನು ಹಿರಿಯರ ಮುಂದೆ ಇಡಬಾರದು. ಮುಂದೆ 8ನೇ ಹಂತದಲ್ಲಿ ಇದರ ಅಗತ್ಯ ಬೀಳುತ್ತದೆ.

ಮನೆಯಲ್ಲಿ ಯಾರಿಗಾದರೂ ಸ್ವಾತಂತ್ರ್ಯ ಹೋರಾಟಗಾರರ ಪಿಂಚಣಿ ಬರುತ್ತಿದ್ದರೆ ಅರ್ಜಿಯ ಪ್ರತಿ ಹುಡುಕಿ. ಮುಂಡರಗಿ, ಗಜೇಂದ್ರಗಡದಂಥ ಗಡಿ ಶಿಬಿರಗಳಲ್ಲಿದ್ದುಕೊಂಡು ನಿಜಾಮನ ವಿರುದ್ಧ ಹೋರಾಡಿದವರು ತಮ್ಮ ಕಥೆಯನ್ನು ಸರಕಾರಕ್ಕೆ ಬರೆದುಕೊಟ್ಟಿರುತ್ತಾರೆ. ಆದರೆ ಅದು ಸರಕಾರ ಕೇಳಿದ ಕಥೆ. ಮುತ್ಯಾ ಶಿಬಿರದಲ್ಲಿದ್ದಾಗ ಮನೆಯಲ್ಲಿ ಉಳಿದ ಹೆಂಗಸರು ಏನುಂಡರು, ಎಲ್ಲಿ ಮಲಗಿದರು ಎಂದು ಅದರಲ್ಲಿ ಇರುವುದಿಲ್ಲ.

ಕೊನೆಗೆ ಆ ವರ್ಷದ ಹಬ್ಬಗಳ ಪಟ್ಟಿ. ಹಿರಿಯರು ತಾರೀಖು ಹೇಳುವುದಿಲ್ಲ, ಹಬ್ಬ ಹೇಳುತ್ತಾರೆ. 1948ರಲ್ಲಿ ರಂಜಾನ್ ಹಬ್ಬ ಬಂದದ್ದು ಆಗಸ್ಟ್ ಮೊದಲ ವಾರದ ಸುಮಾರಿಗೆ. ಪೊಲೀಸ್ ಆಕ್ಷನ್ ನಡೆದದ್ದು ಭಾದ್ರಪದದಲ್ಲಿ, ಗಣಪತಿ ಹಬ್ಬ ಆದಮೇಲೆ. ದಸರಾ, ಬಕ್ರೀದ್ ಎರಡೂ ಅಕ್ಟೋಬರ್ ಎರಡನೇ ವಾರದ ಆಸುಪಾಸು ಒಂದರ ಹಿಂದೊಂದು ಬಂದವು. “ಆ ವರ್ಸ ನಾವು ಬನ್ನಿ ಮುಡೀಲಿಲ್ಲ” ಎಂದು ಅಜ್ಜಿ ಅಂದರೆ ಅದು ಯಾವ ತಿಂಗಳ ಮಾತು ಎಂದು ನಿಮಗೆ ಅಲ್ಲೇ ತಿಳಿಯಬೇಕು.

ಹಂತ 3: ಒಪ್ಪಿಗೆ ಕೇಳಿ, ಉತ್ತರಕ್ಕೆ ಕಾಯಿರಿ

ಒಪ್ಪಿಗೆ ಒಂದು ಪ್ರಶ್ನೆಗೆ ಸಿಗುವ ‘ಹೂಂ’ ಅಲ್ಲ. ಮೂರು ವಿಷಯ ಬೇರೆ ಬೇರೆಯಾಗಿ ಕೇಳಬೇಕು: ನನಗೆ ಹೇಳುತ್ತೀಯಾ, ಧ್ವನಿ ಹಿಡಿದಿಡಲೇ, ಬೇರೆಯವರಿಗೆ ಕೇಳಿಸಲೇ. ಮೊದಲನೆಯದಕ್ಕೆ ಹೂಂ ಅಂದವರು ಎರಡನೆಯದಕ್ಕೆ ಬೇಡ ಅನ್ನಬಹುದು. ಹಾಗಿದ್ದರೆ ಮೊಬೈಲ್ ಒಳಗಿಟ್ಟು ಕೈಯಲ್ಲಿ ಬರೆದುಕೊಳ್ಳಿ. ಕದ್ದು ಮುದ್ರಿಸುವುದು ಮೋಸ, ಅದಕ್ಕೆ ಬೇರೆ ಹೆಸರಿಲ್ಲ.

ಹೀಗೆ ಕೇಳಬಹುದು: “ಆಯಿ, ನೀ ಸಣ್ಣಾಕಿ ಇದ್ದಾಗಿನ ಮಾತು ನನಗ ತಿಳ್ಕೋಬೇಕಾಗ್ಯದ. ನಿನಗ ಮನಸ್ಸಿದ್ರ ಹೇಳು, ಬ್ಯಾಡ ಅನಿಸಿದ್ರ ಬ್ಯಾಡ. ಈಗೇ ಹೇಳಬೇಕಂತಿಲ್ಲ.” ಇಷ್ಟು ಹೇಳಿ ಎದ್ದು ಬನ್ನಿ. ಒಂದು ವಾರ ಅದರ ಸುದ್ದಿ ತೆಗೆಯಬೇಡಿ. ಒಪ್ಪುವವರು ಆ ವಾರದಲ್ಲಿ ತಾವೇ ಒಂದು ತುಣುಕು ಹೊರಗೆ ಬಿಡುತ್ತಾರೆ. ರೊಟ್ಟಿ ತಟ್ಟುವಾಗ, ಅಡಿಕೆ ಕತ್ತರಿಸುವಾಗ, “ನಮ್ಮಪ್ಪಗ ಒಂದು ಬಿಳೀ ಕುದುರಿ ಇತ್ತು ನೋಡು” ಎಂಬಂಥದ್ದು. ಆಗ ಪ್ರಶ್ನೆ ಹಾಕಬೇಡಿ, ಕೇಳಿಸಿಕೊಂಡು ನೆನಪಿಟ್ಟುಕೊಳ್ಳಿ.

ವಾರವಾದರೂ ಏನೂ ಬರದಿದ್ದರೆ, ಕಂಡಾಗ ಮುಖ ತಿರುಗಿಸಿದರೆ, ಅದೇ ಅವರ ಉತ್ತರ. ಒಪ್ಪಿಕೊಳ್ಳಿ. ಮೌನ ಅವರ ಸೊತ್ತು. ಅದರ ಒಳಗೆ ಅವರು ಎಪ್ಪತ್ತು ವರ್ಷ ಮನೆ ನಡೆಸಿದ್ದಾರೆ, ಮಕ್ಕಳನ್ನು ಬೆಳೆಸಿದ್ದಾರೆ.

ಇದೇ ಹೊತ್ತಿಗೆ ಮನೆಯ ಮಿಕ್ಕವರಿಗೂ ತಿಳಿಸಿ, ಮುಖ್ಯವಾಗಿ ಅಡ್ಡ ಬರುವ ಮಗನಿಗೆ. ಆತನಿಗೆ ಹೆದರಿಕೆ ಇರುವುದು ತಾಯಿಯ ಬಗ್ಗೆ. ವೈದ್ಯರನ್ನು ಕೇಳಿದ್ದೇವೆ, ಮೂರು ದಿನ ನಾವೇ ಇರುತ್ತೇವೆ ಎಂದು ಹೇಳಿದರೆ ಬಹಳ ಜನ ಒಪ್ಪುತ್ತಾರೆ. ಎದೆಯ ಕಾಯಿಲೆ, ಇತ್ತೀಚಿನ ಪಾರ್ಶ್ವವಾಯು, ಮರೆವಿನ ಕಾಯಿಲೆ ಇದ್ದವರ ವಿಷಯದಲ್ಲಿ ವೈದ್ಯರನ್ನು ಕೇಳುವುದು ಕಡ್ಡಾಯ.

ಹಂತ 4: ಕೂರುವ ಜಾಗ, ಹೊತ್ತು, ಮೊಬೈಲ್

ಮುಂಜಾನೆ ನಾಷ್ಟಾ, ಗುಳಿಗೆ ಎಲ್ಲ ಮುಗಿದ ಮೇಲೆ ಹತ್ತರಿಂದ ಹನ್ನೊಂದುವರೆ ಒಳ್ಳೆಯ ಹೊತ್ತು. ಸಂಜೆ ಬೇಡವೇ ಬೇಡ. ಕತ್ತಲಾಗುವ ಹೊತ್ತಿಗೆ ವಯಸ್ಸಾದವರಿಗೆ ಗೊಂದಲ, ಅಂಜಿಕೆ ಹೆಚ್ಚು, ಮೇಲಾಗಿ ರಾತ್ರಿ ಹತ್ತಿರದಲ್ಲೇ ಇರುತ್ತದೆ. ಒಂದು ಕೂತ, ಅಂದರೆ ಒಂದು ಸಲ ಕೂತು ಮಾತಾಡುವುದು, ಮುಕ್ಕಾಲು ಗಂಟೆ ಸಾಕು, ಒಂದು ಗಂಟೆ ದಾಟಬಾರದು.

ಅವರು ದಿನಾ ಕೂರುವ ಜಾಗದಲ್ಲೇ ಕೂರಿಸಿ, ಬಾಗಿಲು ಕಾಣುವ ಹಾಗೆ. ಎದುರಿಗೆ ಬೇಡ, ಪಕ್ಕಕ್ಕೆ, ಅವರಿಗಿಂತ ಕೆಳಗೆ ಕೂರಿ. ಕೈಗೊಂದು ಕೆಲಸ ಕೊಟ್ಟರೆ ಮಾತು ಸರಾಗ: ಅವರೆಕಾಯಿ ಬಿಡಿಸುವುದು, ಬತ್ತಿ ಹೊಸೆಯುವುದು, ಜಪಮಣಿ, ತಸ್ಬೀ.

ಮೊಬೈಲನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ. ಮಡಿಚಿದ ಟವೆಲ್ ಮೇಲೆ, ಅವರಿಂದ ಒಂದು ಮೊಳ ದೂರದಲ್ಲಿ ಇಡಿ. ಫ್ಯಾನ್, ಟಿವಿ, ಕುಕ್ಕರ್ ಬಂದ್. ಅರ್ಧ ನಿಮಿಷ ಪರೀಕ್ಷೆಗೆ ಮುದ್ರಿಸಿ, ಅವರಿಗೇ ಕೇಳಿಸಿ. ತಮ್ಮ ಧ್ವನಿ ಕೇಳಿ ನಕ್ಕರೆ ಅರ್ಧ ಬಿಗುವು ಇಳಿಯಿತು. ವಿಡಿಯೋ ಮೊದಲ ಕೂತಕ್ಕೆ ಬೇಡ. ಕ್ಯಾಮೆರಾ ಕಂಡರೆ ಹಿರಿಯರು ಸೀರೆ, ಮುಂಡಾಸು ಸರಿಮಾಡಿಕೊಳ್ಳುವುದರಲ್ಲೇ ಇರುತ್ತಾರೆ.

ಹಂತ 5: ಮೊದಲ ಎರಡು ಕೂತದಲ್ಲಿ ಗದ್ದಲದ ಹೆಸರೆತ್ತಬೇಡಿ

ಇಡೀ ಕೆಲಸದ ಕೀಲಿ ಇಲ್ಲಿದೆ, ಅತಿ ಹೆಚ್ಚು ಜನ ಹಾರಿಸುವ ಹಂತವೂ ಇದೇ. ಮೊದಲು ಅವರ ಹಳೇ ಮನೆಯನ್ನು ಮಾತಿನಲ್ಲೇ ಕಟ್ಟಿಸಿಕೊಳ್ಳಿ. ಚಾರ್ಟ್ ಹಾಳೆ ಹಾಸಿ, ಅವರು ಹೇಳಿದ ಹಾಗೆ ನೀವು ಗೆರೆ ಎಳೆಯಿರಿ.

“ನಿಮ್ಮ ತವರುಮನಿ ಬಾಗಲ ಯಾವ ದಿಕ್ಕಿಗಿತ್ತು?”
“ಒಲಿ ಎಲ್ಲಿತ್ತು? ಹಗೇವು ಎಲ್ಲಿ ತೋಡಿದ್ರು?” (ಹಗೇವು: ಕಾಳು ತುಂಬಿಡುವ ನೆಲದಡಿಯ ಗುಂಡಿ)
“ಬಾವಿಗಿ ಹೋಗೂ ಹಾದ್ಯಾಗ ಯಾರ್ ಯಾರ್ ಮನಿ ಇದ್ವು?”
“ಊರ ಹುಡೇವಿನ ಮ್ಯಾಲ ನೀವು ಹತ್ತತಿದ್ರೇನು?” (ಹುಡೇವು: ಊರ ಬುರುಜು)
“ಮೊಹರಂದಾಗ ಅಲಾವಿ ಎಲ್ಲಿ ಕೂಡತಿತ್ತು? ನಿಮ್ಮ ಮನ್ಯಾಗಿಂದ ಯಾರ್ ಕುಣೀಲಿಕ್ಕ ಹೋಗತಿದ್ರು?” (ಅಲಾವಿ: ಮೊಹರಂ ಕುಣಿತದ ಬೆಂಕಿಕುಣಿ)

ಕೊನೆಯ ಪ್ರಶ್ನೆ ಮಾಮೂಲಿಯಾಗಿ ಕಂಡರೂ ಕೆಲಸ ದೊಡ್ಡದು. ಗದ್ದಲದ ಮುಂಚೆ ಊರು ಹೇಗಿತ್ತು, ಯಾರ ಮನೆಯ ಹಾಲು ಯಾರಿಗೆ ಹೋಗುತ್ತಿತ್ತು ಎಂದು ಗೊತ್ತಿಲ್ಲದಿದ್ದರೆ ಮುಂದೆ ಬರುವುದು ನಿಮಗೆ ಬರೀ ಹೊಡೆದಾಟವಾಗಿ ಕೇಳಿಸುತ್ತದೆ. ಅಜ್ಜಿಗೆ ನೋವಿರುವುದು ಬಂದವರು ಯಾರು ಎಂಬುದರಲ್ಲಿ. ಕೆಲವು ಸಲ ಅವರು ಮುಖಪರಿಚಯದವರು. ಕೆಲವು ಸಲ ಬಚ್ಚಿಟ್ಟು ಉಳಿಸಿದವರೂ ಅದೇ ಓಣಿಯವರು, ಅದೇ ಜನಾಂಗದವರು.

ನಾನು ಕಂಡ ಒಂದು ಮನೆಯಲ್ಲಿ ಅಜ್ಜಿ ನಕ್ಷೆಯ ಮೇಲೆ ಬೆರಳಿಟ್ಟು ಒಲೆ, ದನದ ಕೊಟ್ಟಿಗೆ, ಬಾವಿಯ ಗಡಗಡಿ ಎಲ್ಲ ತೋರಿಸಿದರು. ಹಗೇವಿನ ಹತ್ತಿರ ಬೆರಳು ಬಂದಾಗ ನಿಂತಿತು. ಮೊಮ್ಮಗಳು ಏನೂ ಕೇಳಲಿಲ್ಲ, ಪೆನ್ನನ್ನೂ ಎತ್ತಲಿಲ್ಲ. ಬಹಳ ಹೊತ್ತಿನ ಮೇಲೆ ಅಜ್ಜಿ, “ಇದರಾಗ ನಾವು ನಾಕು ಮಂದಿ ಇದ್ವಿ. ಜ್ವಾಳದ ಧಗಿಗಿ ನಮ್ಮ ತಮ್ಮಗ ಉಸರಾಡಾಕ ಆಗಲಿಲ್ಲ” ಅಂದರು. ಆ ತಮ್ಮ ಒಬ್ಬನಿದ್ದ ಎಂಬುದೇ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. “ಗದ್ದಲದಾಗ ಏನಾತು” ಎಂದು ನೇರವಾಗಿ ಕೇಳಿದ್ದರೆ ಈ ಮಾತು ಬರುತ್ತಿರಲಿಲ್ಲ.

ಆಡುಮಾತಿನ ವಿಷಯ ಒಂದು. ಬೆಂಗಳೂರು, ಪುಣೆಯಲ್ಲಿ ಬೆಳೆದ ಮೊಮ್ಮಕ್ಕಳು ಆದಷ್ಟು ಮನೆಯ ಮಾತಿನಲ್ಲೇ ಕೇಳಲಿ, ತಪ್ಪಿದರೂ ಅಡ್ಡಿಯಿಲ್ಲ. ಮುಸ್ಲಿಂ ಮನೆಗಳ ಅಜ್ಜಿಯರಾದ ದಾದಿ, ನಾನಿಯರು ದಖನಿಯಲ್ಲಿ (ನಮ್ಮ ಕಡೆಯ ಉರ್ದುವಿನಲ್ಲಿ) ಹೇಳುತ್ತಿದ್ದರೆ ದಖನಿಯಲ್ಲೇ ಹೇಳಲಿ. ಅರ್ಥವಾಗದ ಜಾಗದಲ್ಲಿ ತಡೆಯಬೇಡಿ, ಗುರುತು ಹಾಕಿಕೊಂಡು ಮರುದಿನ ಕೇಳಿ.

ಹಂತ 6: ಮಾತು ಬಂದಾಗ ನೀವು ಮಾಡಬೇಕಾದದ್ದು ಕಡಿಮೆ

ಮೂರನೇ ಕೂತಕ್ಕೋ ನಾಲ್ಕನೆಯದಕ್ಕೋ ಅವರೇ ಆ ಬಾಗಿಲಿಗೆ ಬರುತ್ತಾರೆ. ಬಂದಾಗ ಅವಸರ ಮಾಡಬೇಡಿ. ‘ಮುಂದ?’ ಎಂಬ ಒಂದೇ ಪದ ಸಾಕು, ಅದೂ ಅವರು ನಿಮ್ಮ ಮುಖ ನೋಡಿದಾಗ ಮಾತ್ರ. ‘ಯಾಕೆ’ ಎಂಬ ಪ್ರಶ್ನೆಯನ್ನು ಪೂರ್ತಿ ಬಿಡಿ. “ಯಾಕ ಓಡಿಹೋಗಲಿಲ್ಲ?”, “ಯಾಕ ಪೊಲೀಸರಿಗಿ ಹೇಳಲಿಲ್ಲ?” ಎಂದು ಕೇಳುವುದು ತಪ್ಪು ಹೊರಿಸಿದಂತೆ. ಅವರು ಈ ಪ್ರಶ್ನೆಯನ್ನು ತಮಗೆ ತಾವೇ ಸಾವಿರ ಸಲ ಕೇಳಿಕೊಂಡಿರುತ್ತಾರೆ.

ಮೌನ ಬಂದರೆ ತುಂಬಿಸಲು ಹೋಗಬೇಡಿ. ಮನಸ್ಸಿನಲ್ಲಿ ಇಪ್ಪತ್ತರವರೆಗೆ ಎಣಿಸಿ. “ಅಳಬ್ಯಾಡ ಆಯಿ” ಅನ್ನಬೇಡಿ, ಅಳಲಿ. ನಿಮಗೆ ಅಳು ಬಂದರೆ ತಡೆಯಬೇಕಿಲ್ಲ, ಆದರೆ ಅವರು ನಿಮ್ಮನ್ನು ಸಮಾಧಾನ ಮಾಡುವ ಸ್ಥಿತಿ ಬರಬಾರದು. ಹಾಗಾದ ಕ್ಷಣ ಅವರು ಮತ್ತೆ ಅಜ್ಜಿಯಾಗಿಬಿಡುತ್ತಾರೆ, ಹೇಳುವವರು ಉಳಿಯುವುದಿಲ್ಲ.

ಇಲ್ಲಿ ಆಗುವ ದೊಡ್ಡ ತಪ್ಪು ತಿದ್ದುವುದು. “ಇಲ್ಲ ಆಯಿ, ಅದು ಮೇ ತಿಂಗಳಾಗ ಆಗಿದ್ದು, ಪುಸ್ತಕದಾಗ ಅದ” ಎಂದರೆ ಕಥೆ ಮುಗಿಯಿತು. ಇನ್ನೊಂದು ತಪ್ಪು ಬಣ್ಣ ಕೇಳುವುದು: ಎಷ್ಟು ರಕ್ತ, ಹೇಗೆ ಕಡಿದರು. ಅವರು ಹೇಳಿದಷ್ಟು ಸಾಕು. ನಿಮಗೆ ಕೇಳಲೇಬೇಕೆನಿಸಿದರೆ ಬದುಕಿದ ಭಾಗವನ್ನು ಕೇಳಿ: ಬುತ್ತಿ ಏನಿತ್ತು, ಊರು ಬಿಟ್ಟು ಸೊಲ್ಲಾಪುರಕ್ಕೆ ಹೋದ ಹಾದಿಯಲ್ಲಿ ಎಷ್ಟು ರಾತ್ರಿ, ಬಂಡಿ ಯಾರದು, ಕೂಸಿಗೆ ಹಾಲು ಯಾರು ಕೊಟ್ಟರು.

ನಿಲ್ಲಿಸಬೇಕಾದ ಸೂಚನೆಗಳು

ಗಮನಿಸಬೇಕಾದ ಮೊದಲ ಸೂಚನೆ ಅವರ ಮಾತಿನಲ್ಲೇ ಇರುತ್ತದೆ. ಇಷ್ಟು ಹೊತ್ತು “ಬಂದ್ರು, ಬಾಗಲ ಬಡದ್ರು” ಎನ್ನುತ್ತಿದ್ದವರು “ಬರಲಿಕತ್ತಾರ, ಬಾಗಲ ಬಡೀಲಿಕತ್ತಾರ” ಎಂದು ಶುರು ಮಾಡಿದರೆ, ಕಣ್ಣು ನಿಮ್ಮನ್ನು ದಾಟಿ ಬೇರೆ ಕಡೆ ನೆಟ್ಟಿದ್ದರೆ, ಅವರು ನೆನೆಸಿಕೊಳ್ಳುತ್ತಿಲ್ಲ, ಮತ್ತೆ ಅಲ್ಲೇ ಇದ್ದಾರೆ. ಕೂಡಲೇ ನಿಲ್ಲಿಸಿ. ಅವಸರವಿಲ್ಲದೆ, ಸ್ಥಿರವಾದ ಧ್ವನಿಯಲ್ಲಿ ಇವತ್ತಿಗೆ ಕರೆತನ್ನಿ: “ಆಯಿ, ನಾ ಇಲ್ಲೇ ಇದ್ದೀನಿ. ಇದು ನಮ್ಮ ಮನಿ. ಹನ್ನೊಂದು ಗಂಟಿ ಆಗ್ಯದ. ನೋಡು, ಇದು ನನ್ನ ಕೈ.” ಕಾಲು ನೆಲಕ್ಕೆ ತಾಗಿಸಿ ಕೂರಿಸಿ, ನೀರು ಕೊಡಿ, ಮುಖಕ್ಕೆ ತಣ್ಣೀರು ಹಚ್ಚಿ.

ಏದುಸಿರು, ಎದೆನೋವು, ಬೆವರು, ಒಂದು ಕಡೆ ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು ಕಂಡರೆ ಇದು ದುಃಖ ಎಂದು ಕಾಯಬೇಡಿ, 108ಕ್ಕೆ ಫೋನ್ ಮಾಡಿ.

ಅಂದು ಊಟ ಬಿಟ್ಟರೆ, ಮರುದಿನ ನಿಮ್ಮನ್ನು ಕಂಡು ಒಳಗೆ ಹೋದರೆ, “ನಾ ಹೇಳಬಾರದಿತ್ತು” ಎಂದು ಮತ್ತೆ ಮತ್ತೆ ಅಂದರೆ ಮುಂದಿನ ಕೂತ ಮುಂದೂಡಿ. ಎರಡು ವಾರ ಕಳೆದರೂ ನಿದ್ದೆ, ಊಟ ಸರಿಹೋಗದಿದ್ದರೆ, ಸಾಯುವ ಮಾತು ಬಂದರೆ ಮನೋವೈದ್ಯರ ಹತ್ತಿರ ಕರೆದೊಯ್ಯಿರಿ. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲಿ ಮಾತಾಡಬಹುದು, ಕರೆ ಉಚಿತ. ಹಿರಿಯ ನಾಗರಿಕರ ಸಹಾಯವಾಣಿ 14567.

ಹಂತ 7: ಮುಚ್ಚುವ ಕೆಲಸ ಮತ್ತು ಮೂರು ರಾತ್ರಿ

ತೆರೆದ ಮಾತನ್ನು ತೆರೆದೇ ಬಿಟ್ಟು ಏಳಬಾರದು. ಮುಗಿಸುವ ಹತ್ತು ನಿಮಿಷ ಮುಂಚೆ ನೀವೇ ಈಚೆಗೆ ಬನ್ನಿ: “ಆಮ್ಯಾಲ ಈ ಮನಿಗಿ ಯಾವಾಗ ಬಂದ್ರಿ? ಅಪ್ಪ ಹುಟ್ಟಿದಾಗ ತೊಟ್ಟಲ ಎಲ್ಲಿಂದ ತಂದ್ರಿ?” ಸುರಕ್ಷಿತ ಜಾಗಕ್ಕೆ ಬಂದ ಮೇಲೆ ಮುದ್ರಣ ನಿಲ್ಲಿಸಿ, ನಿಲ್ಲಿಸಿದ್ದನ್ನು ತೋರಿಸಿ. ಚಹಾ ಮಾಡಿ. ಜೊತೆಗೇ ಕುಡಿಯಿರಿ. ಊಟಕ್ಕೆ ಅವರಿಗೆ ಇಷ್ಟವಾದದ್ದು ಮೊದಲೇ ಹೇಳಿ ಮಾಡಿಸಿರಲಿ.

ಆ ರಾತ್ರಿ ಅವರ ಕೋಣೆಯಲ್ಲೇ ಚಾಪೆ ಹಾಸಿಕೊಳ್ಳಿ. ಸಣ್ಣ ದೀಪ ಉರಿಯಲಿ. ನಡುರಾತ್ರಿ ಎದ್ದು ಕೂತರೆ ಪ್ರಶ್ನೆ ಬೇಡ, ನೀರು ಕೊಟ್ಟು ಪಕ್ಕ ಕೂರಿ. ಬಹಳ ಮುಖ್ಯವಾದ ಮಾತುಗಳು ಆ ಹೊತ್ತಿನಲ್ಲಿ ಬರುತ್ತವೆ. ಅವನ್ನು ಮುದ್ರಿಸಬೇಡಿ. ಮರುದಿನ ಮುಂಜಾನೆ ಮನೆಯವರೆಲ್ಲ ಎಂದಿನಂತೆ ಇರಬೇಕು. ಏಕಾಏಕಿ ಎಲ್ಲರೂ ಕಾಲು ಮುಟ್ಟಿ ನಮಸ್ಕರಿಸುವುದು, ಪಿಸುಗುಟ್ಟುವುದು ಶುರುವಾದರೆ ಅವರಿಗೆ ಬತ್ತಲೆಯಾದಂತೆ ಅನಿಸುತ್ತದೆ.

ಎರಡು ಕೂತದ ನಡುವೆ ಕನಿಷ್ಠ ನಾಲ್ಕೈದು ದಿನ ಬಿಡಿ.

ಹಂತ 8: ಅವರ ಕೈಯೂ ಅದರಲ್ಲಿದ್ದರೆ

ಯಾರೂ ಹೇಳಿಕೊಡದ ಹಂತ ಇದು. ಮುತ್ಯಾ ಒಂದು ದಿನ, “ನಾವೂ ಹೋಗಿದ್ವಿ. ಅವರ ಮನ್ಯಾಗಿಂದು ಕೊಡ, ತಾಮ್ರದ ಹಂಡೆ ತಂದ್ವಿ” ಎನ್ನಬಹುದು. ಹಿತ್ತಿಲಲ್ಲಿರುವ ಹಂಡೆ ನಿಮಗೆ ಆಗ ನೆನಪಾಗುತ್ತದೆ. ಅಥವಾ ಇನ್ನೊಂದು ಮನೆಯ ದಾದಾ (ಅಜ್ಜ), ತನ್ನ ಅಣ್ಣ ರಜಾಕಾರರ ಸಮವಸ್ತ್ರ ಹಾಕಿದ್ದನ್ನು ಹೇಳಬಹುದು. ಭಾರತ ಸರಕಾರವೇ ಕಳಿಸಿದ ಪಂಡಿತ್ ಸುಂದರಲಾಲ್ ಸಮಿತಿ, ಪೊಲೀಸ್ ಆಕ್ಷನ್ ಸಮಯದಲ್ಲಿ ಹಾಗೂ ನಂತರ 27 ಸಾವಿರದಿಂದ 40 ಸಾವಿರ ಜನ ಸತ್ತಿರಬಹುದು ಎಂದು ಅಂದಾಜಿಸಿತ್ತು. ಹೆಚ್ಚು ಪೆಟ್ಟು ಬಿದ್ದ ನಾಲ್ಕು ಜಿಲ್ಲೆಗಳಲ್ಲಿ ಕಲಬುರಗಿ, ಬೀದರ್ ಎರಡೂ ಇದ್ದವು. ಆ ವರದಿ ದಶಕಗಳ ಕಾಲ ಹೊರಗೆ ಬರಲಿಲ್ಲ. ಅಷ್ಟು ದೊಡ್ಡದು ನಡೆದಿದೆ ಅಂದಮೇಲೆ ಮಾಡಿದವರೂ, ನೋಡಿ ಸುಮ್ಮನಿದ್ದವರೂ ಯಾರದೋ ಮನೆಯ ಮುತ್ಯಾಗಳೇ.

ಆಗ ಮುಖ ಗಂಟು ಹಾಕಬೇಡಿ. “ಆ ಕಾಲ ಹಾಂಗಿತ್ತು ಬಿಡು” ಎಂದು ಸಮಾಧಾನವನ್ನೂ ಹೇಳಬೇಡಿ. ಕ್ಷಮಿಸುವ ಅಧಿಕಾರ ನಿಮಗಿಲ್ಲ. “ನೀ ಹೇಳಿದ್ದು ಕೇಳಿದ್ನಿ ಮುತ್ಯಾ” ಎಂಬಷ್ಟು ಸಾಕು. ಪಹಣಿಯಲ್ಲಿ ನೀವು ಮೊದಲೇ ನೋಡಿದ್ದು ಇದಕ್ಕೆ ಹೊಂದಿಕೊಂಡರೂ ಅದನ್ನು ತೆಗೆದು ತೋರಿಸಬೇಡಿ. ಹಂಡೆ ಮರಳಿಸಬೇಕು, ಆ ಮನೆಯವರನ್ನು ಹುಡುಕಬೇಕು ಎಂದು ಅವರೇ ಕೇಳಿಕೊಂಡರೆ ಮಾತ್ರ ಮುಂದಿನ ಮಾತು, ಅದೂ ಅವಸರವಿಲ್ಲದೆ. ಆ ಮನೆಯವರೂ ತಮ್ಮ ಮೌನದಲ್ಲೇ ಇರಬಹುದು. ಅವರ ಬಾಗಿಲಿಗೆ ಏಕಾಏಕಿ ಹಂಡೆ ಹಿಡಿದು ಹೋಗಿ ನಿಲ್ಲುವುದು ಎರಡನೇ ಪೆಟ್ಟು.

ಹಂತ 9: ಕೇಳಿದ್ದನ್ನು ಬರೆಯುವುದು, ಹೊಂದಿಸುವುದು

ಅದೇ ದಿನ ಸಂಜೆ ಧ್ವನಿಯ ಕಡತಕ್ಕೆ ತಾರೀಖು, ಎಷ್ಟನೇ ಕೂತ ಎಂದು ಹೆಸರಿಡಿ. ಪೆನ್‌ಡ್ರೈವ್‌ಗೊಂದು ಪ್ರತಿ ಹಾಕಿ ಟ್ರಂಕಿನಲ್ಲಿಡಿ. ವಾಟ್ಸಾಪ್‌ನಲ್ಲಿ ಯಾರಿಗೂ ಕಳಿಸಬೇಡಿ, ಸ್ವಂತ ತಮ್ಮನಿಗೂ ಬೇಡ. ಕೈ ಬಿಟ್ಟ ಕಡತ ಮರಳಿ ಬರುವುದಿಲ್ಲ.

ಬರೆಯುವಾಗ ಅವರ ಮಾತನ್ನು ಅವರ ಮಾತಿನಲ್ಲೇ ಬರೆಯಿರಿ. ಗ್ರಂಥದ ಕನ್ನಡಕ್ಕೆ ತಂದರೆ ಅರ್ಧ ಹೋಗುತ್ತದೆ. ಎರಡು ಸಲ ಹೇಳಿದ್ದು ಎರಡು ರೀತಿ ಇದ್ದರೆ ಎರಡನ್ನೂ ಬರೆಯಿರಿ. ಹತ್ತು ವರ್ಷದ ಹುಡುಗಿ ಕಂಡದ್ದು, ಆಮೇಲೆ ದೊಡ್ಡವರ ಬಾಯಲ್ಲಿ ಕೇಳಿದ್ದು, ಸಭೆಯ ಭಾಷಣದಲ್ಲಿ ಸೇರಿದ್ದು ಮೂರೂ ಬೆರೆತಿರುತ್ತವೆ. “ಇದು ನೀ ಕಣ್ಣಿಲೆ ಕಂಡಿದ್ದೋ, ಕೇಳಿದ್ದೋ?” ಎಂದು ಕೊನೆಯ ಕೂತದಲ್ಲಿ ನಯವಾಗಿ ಕೇಳಬಹುದು. ವಯಸ್ಸು ತಿಳಿಯಲು ಹಾಲುಹಲ್ಲು ಬಿದ್ದಿದ್ದವೇ, ಮೈನೆರೆದಿದ್ದರೇ, ಮದುವೆಯಾಗಿತ್ತೇ ಎಂಬ ಲೆಕ್ಕ ಇಸವಿಗಿಂತ ಗಟ್ಟಿ.

ಬರೆದದ್ದನ್ನು ಓದಿ ಹೇಳಿ. ಬೇಡ ಅಂದ ಸಾಲನ್ನು ಅವರ ಎದುರಿಗೇ ಹೊಡೆದುಹಾಕಿ.

ಹಂತ 10: ಯಾರಿಗೆ ಕೇಳಿಸಬೇಕು, ಯಾರ ಹೆಸರು ತೆಗೆಯಬೇಕು

ಕಥೆಯಲ್ಲಿ ಬರುವ ಮನೆತನಗಳು ಇಂದಿಗೂ ಅದೇ ಊರಿನಲ್ಲಿರುತ್ತವೆ. ಮೊಮ್ಮಕ್ಕಳು ಒಂದೇ ಶಾಲೆಗೆ ಹೋಗುತ್ತಿರುತ್ತಾರೆ. ಆದ್ದರಿಂದ ಮನೆಯಾಚೆ ಹೋಗುವ ಯಾವ ಪ್ರತಿಯಲ್ಲೂ ದಾಳಿ ಮಾಡಿದವರ, ಮಾನ ಕಳೆದುಕೊಂಡವರ ಹೆಸರು, ಓಣಿ, ಅಡ್ಡಹೆಸರು ಇರಬಾರದು. ಉಳಿಸಿದವರ ಹೆಸರನ್ನೂ ಅವರ ಮನೆಯವರನ್ನು ಕೇಳದೆ ಹಾಕಬೇಡಿ. ಊರಿನ ಹೆಸರೊಂದೇ ಸಾಕು ಗುರುತು ಹಿಡಿಯಲು, ಹಾಗಾಗಿ ಸಣ್ಣ ಊರಾದರೆ ತಾಲ್ಲೂಕಿನ ಹೆಸರಷ್ಟೇ ಬರೆಯಿರಿ. ಯೂಟ್ಯೂಬ್‌ಗೆ ಹಾಕುವ ಆಸೆಯನ್ನು ಹಿರಿಯರು ಇರುವವರೆಗೂ ಬಿಡಿ. ಕೆಳಗೆ ಬರುವ ಬೈಗುಳವನ್ನು ಯಾರೋ ಒಬ್ಬರು ಅವರಿಗೆ ಓದಿ ಹೇಳಿಯೇ ಹೇಳುತ್ತಾರೆ.

ಮಕ್ಕಳಿಗೆ ಹೇಳುವುದಾದರೆ ಹದಿನಾಲ್ಕರ ಮೇಲಿನವರಿಗೆ, ದೊಡ್ಡವರು ಪಕ್ಕದಲ್ಲಿ ಕೂತು. ಮೊಹರಂದ ಅಲಾವಿ, ಬಾವಿಯ ಹಾದಿ, ಬಚ್ಚಿಟ್ಟು ಕಾಪಾಡಿದ ಮನೆ, ಇದೆಲ್ಲ ಸೇರಿಸಿಯೇ ಹೇಳಬೇಕು. ಕಡಿದದ್ದು ಮಾತ್ರ ಕೇಳಿದ ಹುಡುಗ ಅದನ್ನೇ ಹೊತ್ತುಕೊಂಡು ಬೀದಿಗೆ ಹೋಗುತ್ತಾನೆ.

ಒಂದು ದಿನ ಅವರು ಮನಸ್ಸು ಬದಲಿಸಿ, “ಅದನ್ನ ಅಳಿಸಿಬಿಡು” ಅನ್ನಬಹುದು. ಎರಡು ದಿನ ಕಾದು ಮತ್ತೊಮ್ಮೆ ಕೇಳಿ. ಆಗಲೂ ಅದೇ ಮಾತಾದರೆ ಮೊಬೈಲ್, ಪೆನ್‌ಡ್ರೈವ್ ಎರಡರಿಂದಲೂ ಅವರ ಕಣ್ಣೆದುರೇ ಅಳಿಸಿ, ನೋಟುಬುಕ್ಕಿನ ಆ ಹಾಳೆಗಳನ್ನು ಅವರ ಕೈಗೇ ಕೊಡಿ.